ದೇವರ ಕೆಮ್ಮು

“ನಿನ್ನ ಒಲೆಗೆ ಮಣ್ಣು ಹಾಕ, ಆರಿಸೇ ಅದನ್ನ. ದೇವರ ಕಿವೀಲಿ ಹೊಗೆ ಬರ್ತಿದೆ.”

ಮ್ಯಾನೇಜರ್ ಏಣಿ ಹತ್ತಿ ದೇವರ ಹೊಟ್ಟೆಯೊಳಗೆ ತಲೆ ತೂರಿಸಿ ಬೈಯುತ್ತಿದ್ದ. ಗಾರೆಯವನ ಹೆಂಡತಿ ಇಟ್ಟಿಗೆ ಒಲೆಯ ಮುಂದೆ ಕೂತು ಹಸಿ ಹಲಗೆಯ ಚೂರನ್ನು ಊದುತ್ತಿದ್ದಳು.

“ಅನ್ನ ಇನ್ನೂ ಬೆಂದಿಲ್ಲ ಸಾರ್.”

“ಅನ್ನವಂತೆ ಅನ್ನ. ಇದೇನು ನಿಮ್ಮಪ್ಪನ ಮನೆ ಅಡುಗೆಕೋಣೇನಾ?”

ದೇವರು ಸಿಮೆಂಟಿನವನು, ಒಳಗೆಲ್ಲ ಟೊಳ್ಳು. ಪಕ್ಕದೂರಿನ ದೇವರಿಗಿಂತ ಒಂದು ತಲೆಯಾದರೂ ಎತ್ತರ ಇರಬೇಕೆಂದು ಟ್ರಸ್ಟಿನ ಅಧ್ಯಕ್ಷರು ಹಟ ಹಿಡಿದು ಕಟ್ಟಿಸಿದ್ದು. ಬಸ್ಸು ನಿಲ್ಲಿಸಲು ಜಾಗ ಬೇಕೆಂದು ಕೂಲಿಯವರ ತಗಡಿನ ಶೆಡ್ಡುಗಳನ್ನು ಕಿತ್ತಾಗ ಉಳಿದವರು ಗಂಟುಮೂಟೆ ಕಟ್ಟಿದರು. ಗಾರೆಯವನಿಗೆ ಮಾತ್ರ ಮುಖದ ಕೆಲಸ ಬಾಕಿಯಿತ್ತು. ಹೆಂಡತಿಯನ್ನೂ ತಾಯಿಯನ್ನೂ ಕರೆದುಕೊಂಡು ದೇವರ ಹಿಮ್ಮಡಿಯಲ್ಲಿದ್ದ ಸಣ್ಣ ಬಾಗಿಲಿನಿಂದ ಒಳಹೊಕ್ಕು ಹೊಟ್ಟೆಯ ಅಟ್ಟದ ಮೇಲೆ ಸಂಸಾರ ಹೂಡಿದ್ದ. ಒಲೆಯ ಹೊಗೆ ಎದೆ, ಗಂಟಲು ಹಾದು, ಗಾಳಿಯಾಡಲೆಂದು ಅವನೇ ಬಿಟ್ಟಿದ್ದ ಕಿವಿಯ ತೂತಿನಿಂದ ಹೊರಗೆ ಹೋಗುತ್ತಿತ್ತು.

ಮ್ಯಾನೇಜರ್ ಒಲೆಗೆ ನೀರು ಸುರಿದ. ಅನ್ನದ ಪಾತ್ರೆ ಉರುಳಿತು. ಕೆಳಗಿಳಿದು ನೋಡಿದರೆ ರಸ್ತೆಯಲ್ಲಿ ಎರಡು ಬಸ್ಸು ನಿಂತಿದ್ದವು. ಜನ ಇಳಿದು ಕಿವಿಯತ್ತ ನೋಡುತ್ತ ಕೈಮುಗಿದು ನಿಂತಿದ್ದರು. ಅಷ್ಟರಲ್ಲಿ ಅಧ್ಯಕ್ಷರ ಕಾರು ಬಂತು. ಅವರು ಜನರನ್ನು ನೋಡಿದರು, ಕಿವಿಯನ್ನು ನೋಡಿದರು.

“ಹೊಗೆ ನಿಲ್ಲಿಸಿದ ಬೋಳಿಮಗ ಯಾರು?” ಎಂದು ಮೆಲ್ಲಗೆ ಕೇಳಿದರು.

ಮ್ಯಾನೇಜರ್ ಮತ್ತೆ ಏಣಿ ಹತ್ತಿದ, ಈ ಸಲ ಬಾಯಲ್ಲಿ ಬೆಂಕಿಪೊಟ್ಟಣ ಕಚ್ಚಿಕೊಂಡು.

ಅಲ್ಲಿಂದ ಅವರಿಗೆ ಹೊಗೆ ಹಾಕುವುದೇ ಕೆಲಸವಾಯಿತು. ಬೆಳಗಿನಿಂದ ಸಂಜೆಯವರೆಗೆ ಒಲೆ ಆರಬಾರದು, ಯಾರೂ ಹೊರಗೆ ಕಾಣಿಸಬಾರದು, ಗಟ್ಟಿಯಾಗಿ ಮಾತಾಡಬಾರದು. ಒಮ್ಮೆ ಗಾರೆಯವನ ಹೆಂಡತಿ ಒಣಮೆಣಸಿನಕಾಯಿ ಹುರಿದಳು; ಕೆಳಗಿದ್ದವರೆಲ್ಲ ಕಣ್ಣೀರು ಸುರಿಸಿದರು. ಇಂಥ ಭಕ್ತಿಯನ್ನು ಎಲ್ಲೂ ಕಂಡಿಲ್ಲವೆಂದು ಅಧ್ಯಕ್ಷರು ಮೈಕಿನಲ್ಲಿ ಹೇಳಿದರು. ಗಾರೆಯವನ ಕೈಯಿಂದ ಕರಣೆ ಕಿತ್ತುಕೊಂಡು ಊದುಗೊಳವೆ ಕೊಟ್ಟರು. ದೇವರ ಎಡಗಣ್ಣಿನ ರೆಪ್ಪೆ ಅರ್ಧಕ್ಕೇ ನಿಂತಿತು. ಕಣ್ಣು ಹೊಡೆಯುವ ಹಾಗಿದೆಯಲ್ಲ ಎಂದು ಯಾರೋ ಕೇಳಿದ್ದಕ್ಕೆ, ಅದರಲ್ಲಿ ಗೂಢಾರ್ಥವಿದೆ ಎಂದು ಬೋರ್ಡು ಹಾಕಿಸಿದರು.

ಗಾರೆಯವನ ಮುದಿ ತಾಯಿಗೆ ಹೊಗೆ ಒಗ್ಗಲಿಲ್ಲ. ಮೊದಲು ಸಣ್ಣಗೆ ಕೆಮ್ಮಿದಳು, ಆಮೇಲೆ ಪಕ್ಕೆ ಹಿಡಿದುಕೊಂಡು. ದೇವರ ಟೊಳ್ಳು ಎದೆಯಲ್ಲಿ ಆ ಕೆಮ್ಮು ಹತ್ತು ಪಟ್ಟಾಗಿ ಹೊರಗೆ ಕೇಳಿಸಿತು. ಕೆಳಗಿನ ಜನ ಬೆಚ್ಚಿಬಿದ್ದರು.

“ಲೋಕದ ಪಾಪವನ್ನೆಲ್ಲ ನುಂಗಿ ನುಂಗಿ ದೇವರಿಗೆ ಕೆಮ್ಮು ಬಂದಿದೆ” ಎಂದರು ಅಧ್ಯಕ್ಷರು.

ಜನ ಕೆಮ್ಮಿನ ಔಷಧಿ ತರತೊಡಗಿದರು. ಕೆಂಪು ಬಾಟಲಿ, ಕಂದು ಬಾಟಲಿ, ಮಕ್ಕಳಿಗೆ ಕೊಡುವ ಸಿಹಿ ಔಷಧಿ, ಎಲ್ಲ ದೇವರ ಹೆಬ್ಬೆರಳಿನ ಹತ್ತಿರ ಗುಡ್ಡೆಯಾಯಿತು. ಸೊಸೆ ಹೊಟ್ಟೆಯ ಗೋಡೆಯಲ್ಲಿದ್ದ ಸಣ್ಣ ಕಿಂಡಿಯಿಂದ ದಿನವೂ ಆ ಗುಡ್ಡೆಯನ್ನು ನೋಡುತ್ತಿದ್ದಳು. ಮುದುಕಿ ಕೆಮ್ಮಿ ಕೆಮ್ಮಿ ರಕ್ತ ಉಗುಳಿದ ಬೆಳಿಗ್ಗೆ, ಸೌದೆ ತಂದ ಮ್ಯಾನೇಜರನ ಮುಂದೆ ಕೈಯೊಡ್ಡಿದಳು.

“ಒಂದು ಬಾಟ್ಲಿ ಕೊಡಿ ಸಾರ್.”

“ಅದು ದೇವರಿಗೆ ಬಂದಿದ್ದು.”

“ಕೆಮ್ತಿರೋದು ನಮ್ಮತ್ತೆ ಅಲ್ವಾ?”

“ನೋಡು, ಮುಂದಿನ ವಾರ ಉದ್ಘಾಟನೆ. ದೊಡ್ಡ ದೊಡ್ಡೋರೆಲ್ಲ ಬರ್ತಾರೆ. ಈ ಮುದಿಗೊಡ್ಡು ಗುಣ ಆದ್ರೆ ಕೆಮ್ಮೋರು ಯಾರು, ನೀನಾ?”

ಮುದುಕಿ ಮೂಲೆಯಿಂದಲೇ ಅವನ ಅಮ್ಮ, ಅಜ್ಜಿ ಎಲ್ಲರನ್ನೂ ಎಳೆದು ಬೈದಳು. ಬೈಗುಳ ಅರ್ಧಕ್ಕೇ ಕೆಮ್ಮಾಯಿತು. ಹೊರಗೆ ಗಂಟೆ ಬಾರಿಸಿದರು.

ಮರುದಿನ ಮ್ಯಾನೇಜರ್ ಹಿಮ್ಮಡಿಯ ಬಾಗಿಲ ಒಳಗೆ ಇಟ್ಟಿಗೆ, ಸಿಮೆಂಟು, ಸುತ್ತಿಗೆ ತರಿಸಿ ಗಾರೆಯವನನ್ನು ಕೆಳಗೆ ಕರೆದ.

“ಈ ಬಾಗಿಲು ಕಟ್ಟಿಬಿಡು. ದೇವರ ಕಾಲಲ್ಲಿ ಬಾಗಿಲು ಯಾಕೆ ಅಂತ ಜನ ಕೇಳ್ತಿದಾರೆ.”

“ಕಟ್ಟಿದ್ರೆ ನಾವು ಹೊರಗೆ ಬರೋದು ಹೆಂಗೆ ಸಾರ್?”

“ಒಳಗಡೆಯಿಂದ ಕಟ್ಟು. ಊಟ, ಸೌದೆ ಎಲ್ಲ ಹಗ್ಗದಲ್ಲಿ ಕಿವಿಗೆ ಬರುತ್ತೆ.”

ಗಾರೆಯವನು ಇಟ್ಟಿಗೆಯೊಂದನ್ನು ಕೈಗೆತ್ತಿಕೊಂಡು ಮತ್ತೆ ಕೆಳಗಿಟ್ಟ. ತಾನು ಮೆತ್ತಿದ ಗೋಡೆ ಹೇಗಿರುತ್ತದೆಂದು ಅವನಿಗೆ ಗೊತ್ತಿತ್ತು. ಒಂದು ಇರುವೆ ಕೂಡ ದಾಟುವುದಿಲ್ಲ.

“ನಮ್ಮವ್ವನ್ನ, ಇವಳನ್ನ ಮೊದಲು ಆಚೆ ಕಳಿಸಿ. ನಾನೊಬ್ಬ ಇರ್ತೀನಿ.”

“ಮುದುಕಿ ಎಲ್ಲೂ ಹೋಗಂಗಿಲ್ಲ.”

ಮೇಲಿದ್ದ ಸೊಸೆಗೆ ಎಲ್ಲ ಕೇಳಿಸಿತು. ಅವಳು ಅತ್ತೆಯನ್ನು ಸೀರೆಯ ಸೆರಗಿನಿಂದ ಬೆನ್ನಿಗೆ ಬಿಗಿದುಕೊಂಡು ಏಣಿ ಇಳಿದಳು. ಮುದುಕಿ ಸಿಮೆಂಟಿನ ಖಾಲಿ ಚೀಲದಷ್ಟೂ ಭಾರವಿರಲಿಲ್ಲ. ಮ್ಯಾನೇಜರ್ ಅಡ್ಡ ಬಂದ. ಅವಳು ಭುಜದಿಂದ ಅವನನ್ನು ಇಟ್ಟಿಗೆಯ ರಾಶಿಗೆ ನೂಕಿ ಹೊರಗೆ ಕಾಲಿಟ್ಟಳು. ಕೂಗಿದರೆ ಆಚೆ ಬದಿಯಲ್ಲಿದ್ದ ಜನ ಬರುತ್ತಾರೆಂದು ಅವನು ಬಾಯಿ ಮುಚ್ಚಿಕೊಂಡು ಎದ್ದ. ಗಾರೆಯವನಾದರೂ ಒಳಗೇ ಉಳಿಯಲಿ ಎಂದು, ಅವನು ದಾಟುವ ಮೊದಲೇ ಹೊರಗೆ ಜಿಗಿದು ಬಾಗಿಲಿಗೆ ಚಿಲಕ ಹಾಕಿದ.

ಸೊಸೆ ದೇವರ ಕಾಲನ್ನು ಸುತ್ತಿ ಮುಂದೆ ಬಂದಳು. ಮಸಿ ಹಿಡಿದ ಇಬ್ಬರನ್ನು ಕಂಡು ಜನ ಮೂಗು ಮುಚ್ಚಿಕೊಂಡು ದಾರಿ ಬಿಟ್ಟರು. ಅವಳು ಅತ್ತೆಯನ್ನು ಹೆಬ್ಬೆರಳಿಗೆ ಒರಗಿಸಿ ಕೂರಿಸಿ, ಗುಡ್ಡೆಯಿಂದ ಕೆಂಪು ಬಾಟಲಿಯೊಂದನ್ನು ತೆಗೆದು ಹಲ್ಲಿನಿಂದ ಮುಚ್ಚಳ ಕಿತ್ತಳು.

“ಏಯ್, ಅದನ್ನ ಮುಟ್ಟಬೇಡ” ಎಂದ ಒಬ್ಬ. “ದೇವರಿಗೆ ಅಂತ ನಾನು ತಂದಿದ್ದು.”

“ಕೆಮ್ಮಿದೋರಿಗೇ ಹಾಕ್ತಿದೀನಿ ಕಣಣ್ಣ” ಎಂದು ಅವಳು ಮುಚ್ಚಳ ತುಂಬಿಸಿದಳು. “ಬಾಯಿ ತೆಗಿ ಅತ್ತೆ.”

ಮುದುಕಿ ನುಂಗಿ, ಮುಖ ಕಿವುಚಿ, ಮತ್ತೆ ಬಾಯಿ ತೆರೆದಳು.

ಜನ ಸುತ್ತಲೂ ಒತ್ತಿಕೊಂಡು ಬಂದರು. ಬಾಟಲಿ ತಂದವನು ಚಪ್ಪಲಿ ಕೈಗೆತ್ತಿಕೊಂಡ. ಆಗ ಮೇಲೆ, ದೇವರ ಹೊಟ್ಟೆಯೊಳಗಿನಿಂದ, ಸುತ್ತಿಗೆಯ ಏಟು ಕೇಳಿಸಿತು. ಎಲ್ಲರೂ ತಲೆಯೆತ್ತಿದರು. ಹೊಕ್ಕುಳಿನ ಸುತ್ತ ಚಿನ್ನದ ಬಣ್ಣ ಬಿರುಕು ಬಿಟ್ಟು ಒಂದು ಹೆಂಟೆ ಗಾರೆ ಮೈಕಿನ ಪಕ್ಕ ಬಿತ್ತು. ಅದರ ಹಿಂದೆ ಇನ್ನೊಂದು.