ಬಲಗಡೆಯ ಹೂವು

"ಬಿಳೀದಕ್ಕೆ ಮಾತ್ರ ಕಣೆ. ಕೆಂಪಿಗೆ ತಾಗಿಸ್ಬುಟ್ಟೀಯ!" ಎಂದು ಲಕ್ಕಣ್ಣ ಪಿಸುಗುಟ್ಟಿದ.

ಪಟಾಲಮ್ಮನ ಗುಡಿಯ ಹಿಂದೆ, ಅಲ್ಲಾಳಸಂದ್ರದ ಕೆರೆ ಏರಿಗೆ ಬೆನ್ನು ಮಾಡಿ, ತಂಗಿ ಮುನಿಗಂಗಮ್ಮ ಕುಕ್ಕರಗಾಲಲ್ಲಿ ಕೂತಿದ್ದಳು. ಮಡಿಲಲ್ಲಿ ಹೂವಿನ ತಟ್ಟೆ. ಬಿಳಿ ಕಣಗಿಲೆಯ ಬೆನ್ನಿಗೆ ಬೇಲದ ಮರದ ಅಂಟು ಸವರಿ ಗಾಳಿಗೆ ಒಣಗಿಸುತ್ತಿದ್ದಳು. ಒಣಗಿದರೆ ಅಂಟು ಕಣ್ಣಿಗೆ ಬೀಳದು. ಪೂಜಾರಿಯ ತೀರ್ಥ ಸೋಕಿತೋ, ಮತ್ತೆ ಕಲ್ಲು ಬಿಟ್ಟು ಕದಲದು. ಬಿ.ಎಸ್ಸಿ. ಮೊದಲ ವರ್ಷ ಮುಗಿಸಿದ್ದ ಲಕ್ಕಣ್ಣ ಕಲಿತ ಸಸ್ಯಶಾಸ್ತ್ರ ಊರಿನ ಉಪಯೋಗಕ್ಕೆ ಬಂದದ್ದು ಅದೇ ಮೊದಲು.

"ಮೈಸೂರಿಗೆ ಓದ್ಮೇಲೆ ನಂಗೊಂದು ಗಂಧದ ಸೋಪು ತತ್ತೀಯೇನಣ್ಣ?"

"ಅದನ್ನ ಮಾಡೋದು ನಮ್ಮ ಯಶವಂತಪುರದಾಗೆ ಕಣೆ, ಪೆದ್ದಿ."

"ಅಲ್ಲಿಂದ ತಂದ್ರೇನೇ ವಾಸ್ನೆ ಜಾಸ್ತಿ," ಎಂದು ಅವಳು ನಕ್ಕಳು. ಹದಿನೇಳು ವರ್ಷದ ಹುಡುಗಿಗೆ ನಗಲು ಕಾರಣ ಬೇಕಿರಲಿಲ್ಲ.

ಆ ವರ್ಷ ಬೆಂಗಳೂರಿಗೆ ತನ್ನದೇ ವಿಶ್ವವಿದ್ಯಾನಿಲಯ ಬಂದಿತ್ತು. ಹೊಸದರಲ್ಲಿ ಉಳಿಯುವುದೋ, ಹಳೆಯ ಮೈಸೂರಿಗೇ ವರ್ಗ ಮಾಡಿಸಿಕೊಂಡು ಹೋಗುವುದೋ ಎಂದು ಹುಡುಗರು ದಿನವೂ ಜಗಳವಾಡುತ್ತಿದ್ದರು. ಸಸ್ಯಶಾಸ್ತ್ರದ ಕೃಷ್ಣಯ್ಯ ಮೇಷ್ಟ್ರು ಮಾತ್ರ ಲಕ್ಕಣ್ಣನನ್ನು ಪಕ್ಕಕ್ಕೆ ಕರೆದು, "ನಿನ್ನ ಕೈಲಿ ಗುಣ ಇದೆ ಕಣಯ್ಯ. ಮುಂದೆ ಓದೋ ಮನಸ್ಸಿದ್ದರೆ ಮೈಸೂರಿಗೆ ಹೋಗು," ಎಂದಿದ್ದರು. ಆ ಮಾತು ಅವನನ್ನು ಹಿಡಿದ ಮೇಲೆ ಬಿಡಲಿಲ್ಲ. ಅಪ್ಪ ಚಿಕ್ಕಬೈರಪ್ಪನ ಮುಂದೆ ವಿಷಯ ಎತ್ತಿದಾಗ ಆತ ಮೂರನೆಯ ದಿನ, "ತಾಯ್ನ ಒಂದ್ ಮಾತು ಕೇಳಾನ," ಎಂದನು. ಅಷ್ಟೇ.

ಆ ಗುಡಿಯ ಕ್ರಮ ಹೀಗೆ. ತಾಯಿಯ ಎಡಭುಜಕ್ಕೆ ಬಿಳಿ ಹೂವು, ಬಲಭುಜಕ್ಕೆ ಕೆಂಪು. ಎಡದ್ದು ಮೊದಲು ಬಿದ್ದರೆ ಬೇಡ, ಬಲದ್ದು ಬಿದ್ದರೆ ಸರಿ. ಕೇಳುವವರು ಮನಸ್ಸಿನಲ್ಲೇ ಕೇಳಬೇಕು. ಹೂವು ಬೀಳುವ ತನಕ ಬಾಯಿ ಬಿಡುವಂತಿಲ್ಲ. ಬಾಯಿಬಿಟ್ಟು ಹೇಳಿದರೇನೇ ಕೇಳಿಸುವುದಾದರೆ ಅವಳು ತಾಯಿ ಹೇಗಾದಾಳು?

ಪೂಜಾರಿ ಮುನಿವೆಂಕಟಯ್ಯ ತಟ್ಟೆಯ ಹೂವುಗಳನ್ನು ತೀರ್ಥದಲ್ಲಿ ಅದ್ದಿ ಭುಜಕ್ಕಿಟ್ಟು ಹಿಂದೆ ಸರಿದ. ಚಿಕ್ಕಬೈರಪ್ಪ ಟವಲನ್ನು ಸೊಂಟಕ್ಕೆ ಬಿಗಿದು ಕೈಮುಗಿದ. ಕಲ್ಲುತಾಯಿ ಎಣ್ಣೆಯಲ್ಲಿ ಮಿಂದು, ಕಣ್ಣು ತೆರೆದು, ಅವಸರವಿಲ್ಲದೆ ಕೂತಿದ್ದಳು. ಸ್ವಲ್ಪ ಹೊತ್ತಿಗೆ ಕೆಂಪು ಹೂವು ಜಾರಿ ಪಾದದ ಬಳಿ ಬಿತ್ತು.

ಮುನಿಗಂಗಮ್ಮ ಅಣ್ಣನ ಕಡೆ ತಿರುಗಿ ಹುಬ್ಬು ಹಾರಿಸಿದಳು.

ಚಿಕ್ಕಬೈರಪ್ಪ ನೆಲಕ್ಕೆ ಹಣೆ ಹಚ್ಚಿ ಎದ್ದ. ಕಣ್ಣು ತೇವವಾಗಿತ್ತು. "ಸೌದೆ ಡಿಪೋದೋರು ಮೈಸೂರಿಂದ ಏಳ್ಕಳ್ಸವ್ರೆ. ಎಂಡ್ರು ತೀರ್ಕಂಡು ವರ್ಸಾಯ್ತು, ಮೂರು ಮಕ್ಳು. ನಮ್ ಗಂಗಿನ ಕೊಟ್ರೆ ಉಡುಗ ಅವ್ರ ಮನೇಲೇ ಉಂಡ್ಕಂಡು ಓದ್ಕಳ್ಲಿ ಅಂದವ್ರೆ. ನಲವತ್ತು ದಾಟಿದೋರು. ಕೊಡ್ಲಾ, ಬ್ಯಾಡ್ವಾ ಅಂತ ತಾಯ್ನ ಕೇಳ್ದೆ." ಟವಲಿನಿಂದ ಮುಖ ಒರೆಸಿಕೊಂಡ. "ನಂಗಂತೂ ಮನಸ್ಸಿರ್ನಿಲ್ಲ ಕಣಪ್ಪ. ಬಿಳೀದೇ ಬೀಳ್ಲಿ ಅಂತ ಕಾಯ್ತಿದ್ದೆ."

"ತಾಯಿ ಮಾತಾಡಾಯ್ತು ಬೈರಣ್ಣ. ಇನ್ನು ನಿನ್ ಮನಸ್ಸು ಯಾರಿಗ್ ಬೇಕು?" ಎಂದು ಪೂಜಾರಿ ನಕ್ಕು, ಕೆಂಪು ಹೂವನ್ನು ಎತ್ತಿ ಹುಡುಗಿಯ ತಲೆಗೆ ಮುಡಿಸಿದ.

ಬಿಳಿ ಹೂವು ಇನ್ನೂ ಭುಜದ ಮೇಲೇ ಇತ್ತು. ಲಕ್ಕಣ್ಣ ಎರಡು ಹೆಜ್ಜೆ ಮುಂದಿಟ್ಟು, ಅದನ್ನು ಕಿತ್ತು ತಿರುಗಿಸಿ ತೋರಿಸಿದ್ದರೆ ಮುಗಿಯುತ್ತಿತ್ತು. ಅವನು ಕೈಮುಗಿದು ನಿಂತಿದ್ದ.

ಏರಿಯ ಮೇಲೆ ಅಪ್ಪ ಮುಂದೆ ನಡೆದ. ಮುನಿಗಂಗಮ್ಮ ಅಣ್ಣನ ಅಂಗಿಯ ತೋಳು ಜಗ್ಗಿದಳು. "ಏಳ್ಬುಡಣ್ಣ. ಅಪ್ಪಂಗೂ ಇಷ್ಟ ಇಲ್ಲ, ಈಗ್ಲೇ ಅಂದ್ನಲ್ಲ. ಒಂದೇ ಮಾತು."

ಕೆರೆಯ ಆಚೆ ದಡದಲ್ಲಿ ಯಾರೋ ಬಟ್ಟೆ ಒಗೆಯುತ್ತಿದ್ದರು. ಏಟು ಕಣ್ಣಿಗೆ ಕಂಡ ಮೇಲೆ ತುಸು ತಡೆದು ಸದ್ದು ಬರುತ್ತಿತ್ತು.

"ಏನಂತ ಏಳ್ಲಿ?" ಎಂದ ಲಕ್ಕಣ್ಣ. ದನಿ ತಗ್ಗಿತ್ತು, ಬುದ್ಧಿ ಹೇಳುವವನ ಹಾಗಿತ್ತು. "ದೇವರಿಗೇ ಮೋಸ ಅಂದ್ರೆ ಊರೋರು ಬಿಡ್ತಾರಾ? ಅಂಟು ಅಚ್ಚಿದ್ದು ಯಾರು ಅಂತಾರೆ. ನಾನಾ, ನೀನಾ?"

ಅವಳು ತೋಳು ಬಿಟ್ಟಳು. ಬೆರಳುಗಳನ್ನು ಒಂದೊಂದಾಗಿ ಲಂಗಕ್ಕೆ ಉಜ್ಜಿಕೊಂಡಳು. ಅಂದಿನಿಂದ ಅಣ್ಣನನ್ನು ಊಟಕ್ಕೆ ಕರೆಯುವಷ್ಟು ಮಾತ್ರ ಮಾತು.

ವೀಳ್ಯದ ಶಾಸ್ತ್ರದ ದಿನ ಲಕ್ಕಣ್ಣ ಪ್ರಾಕ್ಟಿಕಲ್ಸ್ ಇದೆ ಎಂದು ಹೇಳಿ ಬೆಳಿಗ್ಗೆಯೇ ಬಸ್ಸು ಹಿಡಿದ. ರಜೆಯ ಕಾಲೇಜಿನಲ್ಲಿ, ಬೀಗ ಹಾಕಿದ ಲ್ಯಾಬಿನ ಮೆಟ್ಟಿಲ ಮೇಲೆ ಸಂಜೆಯವರೆಗೆ ಕೂತು, ಮನೆಯವರು ಉಂಡು ಕೈ ತೊಳೆದ ಮೇಲೆ ಬಂದ.

ವಾರ ಕಳೆದು ಕೃಷ್ಣಯ್ಯ ಮೇಷ್ಟ್ರು ವರ್ಗಾವಣೆಯ ಅರ್ಜಿಯನ್ನು ತಿರುವಿ ನೋಡಿ ಹಿಂದಕ್ಕೆ ಕೊಟ್ಟರು. "ಮೈಸೂರಲ್ಲಿ ಯಾರ ಮನೇಲಿರ್ತೀಯ ಅನ್ನೋ ಕಡೆ ಖಾಲಿ ಬಿಟ್ಟಿದ್ದೀಯಲ್ಲಯ್ಯ?"

"ನಮ್ಮ ಭಾವನೋರ ಮನೆ ಸಾರ್. ಸೌದೆ ಡಿಪೋ."

"ಡಿಪೋಗೆ ಕಾಗದ ಬರೆಯೋಕಾಗತ್ತೇನಯ್ಯ? ಹೆಸರು ಬೇಕು. ನಾಳೆ ಕೊನೇ ದಿನ."

ಹೆಸರು ಲಕ್ಕಣ್ಣನಿಗೆ ತಿಳಿದಿರಲಿಲ್ಲ. ಮನೆಯಲ್ಲಿ ಎಲ್ಲರೂ ಡಿಪೋದವರು ಎಂದೇ ಅನ್ನುತ್ತಿದ್ದರು, ಅವನೂ ಕೇಳಿರಲಿಲ್ಲ. ಮನೆಗೆ ಬಂದು ನೋಡಿದರೆ ಅಪ್ಪ ಅವ್ವ ಲಗ್ನಪತ್ರಿಕೆಯ ಕೆಲಸಕ್ಕೆ ಯಲಹಂಕಕ್ಕೆ ಹೋಗಿದ್ದರು. ಮುನಿಗಂಗಮ್ಮ ಒಬ್ಬಳೇ ಬೀಸುವ ಕಲ್ಲಿನ ಮುಂದೆ ಇದ್ದಳು. ರಾಗಿ ಹಿಟ್ಟು ಚಾಪೆಯ ಮೇಲೆ ಹರಡಿತ್ತು.

"ಭಾವನೋರ ಎಸರೇನೆ?"

ಕಲ್ಲು ನಿಂತಿತು. ವೀಳ್ಯ ಬದಲಾದ ಮೇಲೆ ಹೆಣ್ಣು ಆ ಹೆಸರನ್ನು ಬಾಯಲ್ಲಿ ಆಡುವಂತಿಲ್ಲ. ಅವಳು ಅಣ್ಣನ ಕೈಯಲ್ಲಿದ್ದ ಕಾಗದವನ್ನು ನೋಡಿದಳು. ಹಿಟ್ಟನ್ನು ಅಂಗೈಯಿಂದ ಸಮ ಮಾಡಿ, ತೋರುಬೆರಳಿನಿಂದ ನಿಧಾನವಾಗಿ ಬರೆದಳು. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟಿದ್ದವಳಿಗೆ ಅಕ್ಷರ ತಿದ್ದಿಸಿದ್ದವನು ಅವನೇ.

ಚಿಕಮಾರಯ್ಯ.

"ಕ ಗೆ ಒತ್ತು ಬಿಟ್ಟಿದ್ದೀಯ," ಎಂದ ಲಕ್ಕಣ್ಣ.

ಅವಳು ಒತ್ತು ಕೊಟ್ಟಳು. ಅವನು ಪೆನ್ನು ತೆಗೆದು ಬಾಗಿ, ಒಂದೊಂದೇ ಅಕ್ಷರ ನೋಡಿಕೊಂಡು ಅರ್ಜಿಯಲ್ಲಿ ಬರೆದು, ಇಂಕು ಆರಲೆಂದು ಊದಿದ. ಹಿಟ್ಟು ಸ್ವಲ್ಪ ಹಾರಿತು.

"ಆಯ್ತಾ?" ಎಂದಳು ಮುನಿಗಂಗಮ್ಮ. ಅವನು ತಲೆಯಾಡಿಸಿದ ಮೇಲೆ, ಬರೆದ ಹಿಟ್ಟನ್ನೂ ಬರೆಯದ ಹಿಟ್ಟನ್ನೂ ಎರಡೂ ಕೈಯಿಂದ ಒಟ್ಟಿಗೇ ಮೊರಕ್ಕೆ ಬಾಚಿಕೊಂಡು, ರಾತ್ರಿಯ ಮುದ್ದೆಗೆ ಎಸರಿಡಲು ಒಳಗೆ ಹೋದಳು.