ಹೆಂಗಸರಿಗೆ ಮಾತ್ರ

"ಗಂಡಸ್ರಿಗಿಲ್ಲ ಅಂತ ಎಷ್ಟ್ ಸಲ ಬೊಗಳ್ಬೇಕಮ್ಮ ನಿನ್ ಹತ್ರ? ಮೊದ್ಲು ಆ ಗಾಡಿ ಗೇಟಿಂದ ಆಚೆ ತಳ್ಳು. ಉಚ್ಚೆ ವಾಸ್ನೆ ಮೂಗಿಗೆ ಹೊಡೀತೈತೆ."

ಸಮುದಾಯ ಭವನದ ಗೇಟಿನಲ್ಲಿ ನಿಂತ ಸುರೇಶ ಮೂಗಿಗೆ ಕರ್ಚೀಫು ಹಿಡಿದುಕೊಂಡೇ ಮಾತಾಡಿದ. ಗಾಡಿ ಎಂದರೆ ತರಕಾರಿ ಮಾರುವ ಜಮೀರನಿಂದ ಕೇಳಿ ತಂದ ತಳ್ಳುಗಾಡಿ. ಅದರ ಮೇಲೆ ಗೋಣಿಚೀಲ ಹಾಸಿ, ಕೃಷ್ಣಮ್ಮ ತನ್ನ ಗಂಡ ಮುನಿಶಾಮಿಯನ್ನು ಮಲಗಿಸಿಕೊಂಡು ಬಂದಿದ್ದಳು. ಅವನ ಕಾಲೆರಡೂ ಗಾಡಿಯಿಂದಾಚೆ ಇಳಿಬಿದ್ದಿದ್ದವು. ಲಕ್ವ ಹೊಡೆದು ಬಲಗೈ, ಬಲಗಾಲು, ಮಾತು ಮೂರೂ ಹೋಗಿ ಎರಡು ವರ್ಷವಾಗಿತ್ತು. ಉಳಿದದ್ದು ಒಂದೇ ಒಂದು ಸದ್ದು: 'ಬಾ'. ನೀರು ಬೇಕಾದರೂ ಬಾ, ಹೊಟ್ಟೆ ನೊಂದರೂ ಬಾ, ಬಟ್ಟೆ ಒದ್ದೆಯಾದರೂ ಬಾ. ಯಾವ ಬಾ ಯಾತಕ್ಕೆಂದು ತಿಳಿಯುತ್ತಿದ್ದುದು ಕೃಷ್ಣಮ್ಮನಿಗೊಬ್ಬಳಿಗೇ.

ಅಬ್ಬಿಗೆರೆಯಲ್ಲಿ ನಾಗೇಶನ ಖಾಲಿ ಸೈಟುಗಳನ್ನು ಗಂಡಹೆಂಡತಿ ಹನ್ನೆರಡು ವರ್ಷ ಕಾದಿದ್ದರು. ಒಂದು ಸೈಟಿನಲ್ಲಿ ಕಟ್ಟಡ ಎದ್ದರೆ ತಗಡಿನ ಶೆಡ್ಡನ್ನು ಬಿಚ್ಚಿಕೊಂಡು ಪಕ್ಕದ ಸೈಟಿಗೆ ಹೋಗುವುದು. ಇಟ್ಟಿಗೆ ಹೊತ್ತರು, ಜಲ್ಲಿ ಹೊತ್ತರು. ಮುನಿಶಾಮಿ ಬಿದ್ದದ್ದೂ ನಾಗೇಶನ ಪಿಲ್ಲರುಗಳಿಗೆ ನೀರು ಹಿಡಿಯುತ್ತಿರುವಾಗಲೇ. ಈಗ ಕೊನೆಯ ಸೈಟಿನಲ್ಲೂ ಅಪಾರ್ಟ್‌ಮೆಂಟ್ ಏಳುವುದಿತ್ತು. ಮೂರು ದಿನದ ಹಿಂದೆ ಜೆಸಿಬಿ ಬಂದಾಗ ಅವಳಿಗೆ ಸಿಕ್ಕಿದ್ದು ಗಂಡನನ್ನು ಕಂಕುಳಿಗೆ ಕೈಹಾಕಿ ದರದರ ಎಳೆದುಕೊಂಡು ಬರುವಷ್ಟು ಹೊತ್ತು. ಪಾತ್ರೆಗಳು ತಗಡಿನಡಿ ಅಪ್ಪಚ್ಚಿಯಾದವು.

ಸೂರಿಲ್ಲದವರಿಗೆ ಪಟಾಲಮ್ಮ ಸಮುದಾಯ ಭವನದಲ್ಲಿ ಚಳಿಗಾಲ ಮುಗಿಯುವವರೆಗೆ ಜಾಗ ಕೊಡುತ್ತಾರೆಂದು ಹೇಳಿದವನೂ ನಾಗೇಶನೇ. ಭವನದ ಸಮಿತಿಗೆ ಅವನೇ ಅಧ್ಯಕ್ಷ. ಗೇಟಿನ ಮೇಲಿನ ಬ್ಯಾನರಿನಲ್ಲಿ ಕೈಮುಗಿದು ನಿಂತವನೂ ಅವನೇ.

ಕೃಷ್ಣಮ್ಮನಿಗೆ ಆ ಭವನ ಹೊಸದಲ್ಲ. ಮದುವೆಗಳಲ್ಲಿ ಅದರ ಹಿತ್ತಲಲ್ಲಿ ಕೂತು ಹಂಡೆ ಉಜ್ಜಿದವಳು ಅವಳು. ಒಳಗೆ ಎಲೆ ಮುಂದೆ ಕೂತವಳಲ್ಲ.

ಸುರೇಶ ಆ ಭವನದಲ್ಲಿ ಸೂರಿಲ್ಲದವರ ಕೇಂದ್ರ ನಡೆಸುವ ಗುತ್ತಿಗೆ ಹಿಡಿದ ಟ್ರಸ್ಟಿನವನು. ಲೇಔಟಿನವರು ಸಭೆ ಸೇರಿ ಗಲಾಟೆ ಮಾಡಿದ್ದನ್ನು ಅವನೇ ಹೇಳಿದ. ಗಂಡಸರು ಬಂದರೆ ಕುಡಿಯುತ್ತಾರೆ, ಕದಿಯುತ್ತಾರೆ, ಮನೆಗಳಿಗೆ ಬಾಡಿಗೆ ಬರುವುದಿಲ್ಲ ಎಂದರಂತೆ. ಕೊನೆಗೆ ಹೆಂಗಸರಿಗೆ ಮಾತ್ರ ಎಂದ ಮೇಲೆ ಒಪ್ಪಿದರಂತೆ. ಅಮ್ಮನ ಗುಡಿಗೆ ಅಂಟಿದ ಗೋಡೆಯ ಪಕ್ಕ ಹಾಸಿಗೆ ಹಾಕಕೂಡದು ಎಂದು ಪೂಜಾರಿಯದು ಬೇರೆ ಷರತ್ತು. ಗಂಡಸರಿಗೆ ಯಶವಂತಪುರದಲ್ಲಿ ಇದೇ ಟ್ರಸ್ಟಿನ ಇನ್ನೊಂದು ಕೇಂದ್ರವಿದೆ, ಮುನಿಶಾಮಿಯನ್ನು ಅಲ್ಲಿಗೆ ಕಳಿಸಬಹುದು ಎಂದ.

ಅಷ್ಟರಲ್ಲಿ ಮರುದಿನದ ಉದ್ಘಾಟನೆಗೆ ಹಾಕಿದ ಶಾಮಿಯಾನ ನೋಡಲು ನಾಗೇಶ ಬಂದ. ಕೃಷ್ಣಮ್ಮ ಹೋಗಿ ಅವನ ಕಾರಿನ ಬಾಗಿಲು ಹಿಡಿದುಕೊಂಡಳು.

"ನಾಗೇಸಣ್ಣ, ಇಬ್ರೂನೂ ಒಂದೇ ಕಡೆ ಇಕ್ಕು ಸಾಮಿ. ಅವ್ನ ಎಡಗಡೆ ದವಡೆಗೇ ತುತ್ತಿಕ್ಬೇಕು. ಬಲಗಡೆ ಇಕ್ಕಿದ್ರೆ ನೆತ್ತಿಗತ್ತುತ್ತೆ. ಬೇರೇರ್ಗೆ ಗೊತ್ತಾಗಾಕಿಲ್ಲ. ಆ ಹಿತ್ಲಲ್ಲಾದ್ರೂ ಬಿದ್ದಿರ್ತೀವಿ."

"ಏಯ್, ಬಾಗ್ಲು ಬಿಡೇ. ಕೈ ಗಲೀಜು." ನಾಗೇಶ ಇಳಿದು ಗಾಡಿಯತ್ತ ಒಮ್ಮೆ ನೋಡಿದ. "ಈ ಹೆಣಾನ ಇಲ್ಲಿ ಮಲಗ್ಸುದ್ರೆ ನಾಳೆ ಸಾಹೇಬ್ರು ಒಳೀಕ್ ಕಾಲಿಡ್ತಾರೇನೇ? ಅಲ್ಲಿ ಡಾಕ್ಟ್ರವ್ರೆ, ಮಂಚ ಐತೆ. ನಾಲ್ಕ್ ದಿನ ಇರ್ಲಿ. ಓಪನಿಂಗ್ ಮುಗೀಲಿ, ಆಮೇಲ್ ನಾನೇ ಕರಸ್ಕೊಡ್ತೀನಿ. ಇಲ್ಲಾಂದ್ರೆ ಇಬ್ರೂ ರೋಡಲ್ಲಿ ಸಾಯ್ರಿ, ನಂಗೇನು."

ಉದ್ಘಾಟನೆಗೆ ಇಪ್ಪತ್ತು ಹೆಂಗಸರು ಬೇಕಿತ್ತು. ಸಿಕ್ಕಿದ್ದು ಏಳು ಜನ.

ಮಂಚ ಐತೆ ಎಂಬ ಮಾತು ಕೃಷ್ಣಮ್ಮನ ಕಿವಿಯಲ್ಲಿ ನಿಂತಿತು. ಮೂರು ದಿನದಿಂದ ಅವನು ಅಂಗಡಿ ಜಗಲಿಯ ಮೇಲೆ ಚಳಿಗೆ ನಡುಗಿದ್ದನ್ನು ಅವಳು ನೋಡಿದ್ದಳು. ಆಗಲಿ ಅಂದಳು.

ಟ್ರಸ್ಟಿನ ವ್ಯಾನು ಬಂತು. ಸುರೇಶ, ಡ್ರೈವರು ಸೇರಿ ಮುನಿಶಾಮಿಯನ್ನು ಎತ್ತಿದರು. ಅವನು ಎಡಗೈಯಲ್ಲಿ ಹೆಂಡತಿಯ ಸೆರಗನ್ನು ಹಿಡಿದುಕೊಂಡ. ಇರುವ ಒಂದೇ ಕೈಗೆ ಇಡೀ ಮೈಯ ಬಲ ಬಂದಿತ್ತು. ಸುರೇಶ ಎಳೆದ, ಡ್ರೈವರು ಎಳೆದ, ಬಿಡಲಿಲ್ಲ. ಸೆರಗು ಚರ್ರೆಂದಿತು.

"ತಡೀರಿ, ನಾನ್ ಬಿಡಿಸ್ತೀನಿ," ಎಂದು ಕೃಷ್ಣಮ್ಮ ಅವನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದಳು. ನಾಳೆಯೇ ಬಂದು ನೋಡುತ್ತೇನೆಂದು ಹೇಳಿದಳು. ಎಡಗಡೆ ದವಡೆಗೆ ತುತ್ತಿಡಬೇಕೆಂದು ಡ್ರೈವರಿಗೆ ಎರಡು ಸಲ ಹೇಳಿದಳು. ಅವನು ಫೋನು ನೋಡುತ್ತಿದ್ದ. ವ್ಯಾನಿನ ಬಾಗಿಲು ಹಾಕಿದ ಮೇಲೂ ಒಳಗಿನಿಂದ ಬಾ, ಬಾ ಎಂಬುದು ಕೇಳುತ್ತಿತ್ತು.

ಮರುದಿನ ಉದ್ಘಾಟನೆ ಆಗಲಿಲ್ಲ. ಟೇಪು ಕತ್ತರಿಸಬೇಕಾದ ಸಾಹೇಬರಿಗೆ ಬೇರೆ ಕಾರ್ಯಕ್ರಮ ಬಿದ್ದು ಒಂದು ದಿನ ಮುಂದಕ್ಕೆ ಹೋಯಿತು. ಗಂಡನನ್ನು ನೋಡಿ ಬರುತ್ತೇನೆಂದು ಕೃಷ್ಣಮ್ಮ ಹೊರಟಳು. ಸುರೇಶ ಗೇಟಿಗೆ ಬೀಗ ಹಾಕಿದ್ದ. ತಲೆ ಕಮ್ಮಿಯಾದರೆ ತನ್ನ ಕೆಲಸ ಹೋಗುತ್ತದೆ ಅಂದ. ಹೆಸರು ಬರೆಸಲೆಂದು ಎಲ್ಲರ ಆಧಾರ್ ಕಾರ್ಡುಗಳನ್ನೂ ಅವನು ಇಸಿದುಕೊಂಡಿದ್ದ. ಆ ದಿನವಿಡೀ ಅವಳು ಗೇಟಿನ ಹತ್ತಿರವೇ ಕೂತಿದ್ದಳು. ಪಕ್ಕದ ಹಾಸಿಗೆಯ ಮಲ್ಕಾ, ಚಿಂದಿ ಆಯುವವಳು, ಊಟದ ತಟ್ಟೆಯನ್ನು ಅಲ್ಲಿಗೇ ತಂದಿಟ್ಟಳು. ಕೃಷ್ಣಮ್ಮ ಮುಟ್ಟಲಿಲ್ಲ.

ಮೂರನೆಯ ದಿನ ಬೆಳಿಗ್ಗೆ ಎಲ್ಲರಿಗೂ ಒಂದೇ ಬಣ್ಣದ ಸೀರೆ ಉಡಿಸಿದರು. ಕಮ್ಮಿ ಬಿದ್ದ ತಲೆಗಳಿಗೆಂದು ಗಾರ್ಮೆಂಟ್ಸಿನಿಂದ ಹದಿಮೂರು ಹೆಂಗಸರನ್ನು ಕರೆತಂದು ಸಾಲಿನಲ್ಲಿ ಕೂರಿಸಿದರು. ಟೇಪು ಕತ್ತರಿಸಿದ್ದಾಯಿತು. ಕಂಬಳಿ ಹಂಚುವಾಗ ಕೃಷ್ಣಮ್ಮನ ಹೆಸರನ್ನೇ ಮೊದಲು ಕೂಗಿದರು. ಹನ್ನೆರಡು ವರ್ಷದಿಂದ ಈ ತಾಯಿಯನ್ನು ತಾನು ಬಲ್ಲೆ ಎಂದು ನಾಗೇಶ ಮೈಕಿನಲ್ಲಿ ಹೇಳಿ, ಅವಳ ಹೆಗಲ ಮೇಲೆ ಕೈಯಿಟ್ಟು ಫೋಟೋಕ್ಕೆ ನಿಂತ.

"ಅಣ್ಣ, ನಮ್ಮೋರ್ನ ಕರಸ್ಕೊಡ್ತೀನಿ ಅಂದಿದ್ದೆ," ಎಂದಳು ಕೃಷ್ಣಮ್ಮ.

"ನಗೇ ಮುಂಡೆ, ಫೋಟೋ ತಗೀತಾವ್ರೆ," ಎಂದ ನಾಗೇಶ, ನಗುತ್ತಲೇ.

ಸಾಹೇಬರ ಕಾರಿಗಾಗಿ ಗೇಟು ತೆಗೆದಿತ್ತು. ಅವಳು ಕಂಬಳಿಯನ್ನು ಮಲ್ಕಾಳ ಕೈಗೆ ಕೊಟ್ಟು, ಕಾರುಗಳ ಸಂದಿಯಲ್ಲಿ ನುಸುಳಿ ಹೊರಬಿದ್ದಳು. ಬಸ್ಸು ಹತ್ತಿದರೆ ಕಂಡಕ್ಟರು ಹೆಂಗಸರ ಬಿಟ್ಟಿ ಟಿಕೆಟ್ಟಿಗೆ ಆಧಾರ್ ಕೇಳಿದ. ಕಾರ್ಡಿರಲಿಲ್ಲ, ಟಿಕೆಟ್ಟಿಗೆ ದುಡ್ಡಿರಲಿಲ್ಲ. ಮುಂದಿನ ಸ್ಟಾಪಿನಲ್ಲಿ ಇಳಿಸಿದ. ಯಶವಂತಪುರಕ್ಕೆ ನಡೆದೇ ಹೋದಳು.

ಗಂಡಸರ ಕೇಂದ್ರದಲ್ಲಿ ಆ ಹೆಸರಿನವನೇ ಇಲ್ಲ ಎಂದರು. ಅವಳು ಹೊಸ್ತಿಲು ಬಿಟ್ಟು ಏಳದೆ ಕೂತ ಮೇಲೆ ಒಬ್ಬ ಬಾಯಿಬಿಟ್ಟ. ತಂದಿದ್ದು ನಿಜ, ಆದರೆ ಮಲಗಿದಲ್ಲೇ ಮಾಡಿಕೊಳ್ಳುವವರನ್ನು ಇಲ್ಲಿ ಸೇರಿಸಿಕೊಳ್ಳುವುದಿಲ್ಲ, ವಾಪಸು ಕಳಿಸಿದೆವು ಎಂದ. ಡಾಕ್ಟರು ಎಲ್ಲಿ ಎಂದು ಕೇಳಿದಳು. ಡಾಕ್ಟರು ಯಾವತ್ತೂ ಇರಲಿಲ್ಲ.

ಸಿಕ್ಕಸಿಕ್ಕವರನ್ನು ಕೇಳುತ್ತ ಅಲೆದ ಮೇಲೆ ಮುನಿಶಾಮಿ ಸಿಕ್ಕಿದ್ದು ಅಲ್ಲಿನ ತರಕಾರಿ ಮಂಡಿಯ ಕಾಂಪೌಂಡಿನ ಹೊರಗೆ, ಕೊಳೆತ ಈರುಳ್ಳಿ ಸುರಿಯುವ ಕಡೆ. ಮೇಲೊಂದು ಗೋಣಿ ಹೊದಿಸಿದ್ದರು. ಪಕ್ಕದಲ್ಲಿ ಟೀ ಲೋಟ ಹಿಡಿದು ಮೂಟೆ ಹೊರುವ ಮುಜಫ್ಫರ್ ಕೂತಿದ್ದ. ವ್ಯಾನಿನವನು ಇಳಿಸಿ ಹೋದದ್ದನ್ನು ಅವನು ಕಣ್ಣಾರೆ ಕಂಡಿದ್ದ.

"ನಿಮ್ಮೋರೇನಮ್ಮಾ?" ಎಂದ ಅವನು. "ಮೊದಲ್ನೇ ದಿನ ಬಾ ಬಾ ಅಂತಾನೇ ಇದ್ರು. ಯಾರ್ನ ಕರೀತಾರೋ ಗೊತ್ತಾಗ್ಲಿಲ್ಲ. ನಾನೇ ಹೋಗಿ ಕೂತ್ಕೊಂಡೆ. ನಿನ್ನೆ ಮಧ್ಯಾಹ್ನದಿಂದ ನಿಲ್ಲಿಸ್ಬಿಟ್ರು. ಟೀನೂ ಕುಡೀತಿಲ್ಲ."

ಕೃಷ್ಣಮ್ಮ ಗಂಡನ ಮುಖ ಒರೆಸಿದಳು. ಬೆನ್ನು ಮುಟ್ಟಿದರೆ ಅಂಗಿಯ ಜೊತೆ ಚರ್ಮವೂ ಬಂತು. ಮುನಿಶಾಮಿಯ ಕಣ್ಣುಗಳು ತೆರೆದಿದ್ದವು. ಅವಳನ್ನು ನೋಡಿದವು. ಆಮೇಲೆ ಅವನು ಮುಖವನ್ನು ಗೋಡೆಯ ಕಡೆ ಹೊರಳಿಸಿದ.

ಮುಜಫ್ಫರ್ ತನ್ನ ಪರಿಚಯದ ಲಗೇಜು ಆಟೋ ಹಿಡಿದ. ಆಸ್ಪತ್ರೆಗಾ ಎಂದು ಕೇಳಿದ. ಅಲ್ಲಿಂದಲೂ ಯಾರಾದರೂ ಹೊರಗೆ ಎತ್ತಿ ಹಾಕುತ್ತಾರೆಂದು ಅವಳಿಗೆ ಅನಿಸಿತು. ಅಬ್ಬಿಗೆರೆಗೆ ಎಂದಳು.

ಶಾಮಿಯಾನ ಬಿಚ್ಚುತ್ತಿದ್ದರು. ಸುರೇಶ ಅಡ್ಡ ಬಂದ. ಮುಜಫ್ಫರ್ ಮೂಟೆ ಹೊತ್ತವನ ಹಾಗೆ ಮುನಿಶಾಮಿಯನ್ನು ಬೆನ್ನಿಗೆ ಹಾಕಿಕೊಂಡು ಸುರೇಶನನ್ನು ಭುಜದಿಂದ ಸರಿಸಿ ಒಳಗೆ ನಡೆದ. ಭವನದ ನಡುಮಧ್ಯದ ಹಾಸಿಗೆಯ ಮೇಲೆ ಇಳಿಸಿದ. ಹೆಂಗಸರು ಎದ್ದು ನಿಂತರು. ಮಲ್ಕಾ ಹೋಗಿ ದೊಡ್ಡ ಬಾಗಿಲು ಮುಚ್ಚಿ ಅಗುಳಿ ಜಡಿದಳು. ಉಳಿದವರು ಊಟದ ಟೇಬಲ್ಲುಗಳನ್ನು ಎಳೆದು ತಂದು ಬಾಗಿಲಿಗೆ ಒತ್ತಿ ಇಟ್ಟರು.

ಸ್ವಲ್ಪ ಹೊತ್ತಿಗೆ ನಾಗೇಶನ ದನಿ ಕೇಳಿತು. "ಬಾಗ್ಲು ತಗೀರೇ ಲೌಡಿ ಮುಂಡೇರಾ. ಪೊಲೀಸ್ರುನ್ನ ಕರಸ್ತೀನಿ. ಯಾರಪ್ಪನ್ ಛತ್ರ ಅಂದ್ಕಂಡಿದ್ದೀರಾ?" ಬಾಗಿಲಿಗೆ ಒದೆಗಳು ಬಿದ್ದವು.

ಕೃಷ್ಣಮ್ಮ ಆ ಕಡೆ ತಿರುಗಲಿಲ್ಲ. ಗಂಡನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಅನ್ನವನ್ನು ನೀರಿನಲ್ಲಿ ಕಿವುಚಿ, ಎಡಗಡೆಯ ದವಡೆಗೆ ಬೆರಳಿಂದ ಒತ್ತಿದಳು. ಅವನು ಕಚ್ಚಿದ ಹಲ್ಲು ಸಡಿಲಿಸಲಿಲ್ಲ. ಗಂಜಿ ಗದ್ದದ ಮೇಲಿಂದ ಇಳಿದು ಅವಳ ಹೊಸ ಸೀರೆಗೆ ಬಿತ್ತು. ಮತ್ತೆ ಒತ್ತಿದಳು. ಅವನು ಕಣ್ಣು ಮುಚ್ಚಿಕೊಂಡ.

"ಇತ್ಲಾಗ್ ನೋಡು," ಎಂದಳು. "ಬಯ್ಯಂಗಿದ್ರೆ ಬಯ್ಯಿ. ಬಾ ಅನ್ನು ಒಂದ್ ಕಿತ. ನಿನ್ ಕೈ ಬಿಡ್ಸಿದ್ದು ಅವ್ರಲ್ಲ ಕಣಯ್ಯ, ನಾನೇ. ತಿನ್ನು."

ಹೊರಗೆ ಜೀಪೊಂದು ಬಂದು ನಿಂತ ಸದ್ದಾಯಿತು. ಹೆಂಗಸರು ಟೇಬಲ್ಲುಗಳಿಗೆ ಬೆನ್ನು ಕೊಟ್ಟು ಕೂತರು. ಮುನಿಶಾಮಿ ಹಲ್ಲು ಕಚ್ಚಿಕೊಂಡೇ ಇದ್ದ. ಕೃಷ್ಣಮ್ಮ ಅವನ ತುಟಿಯ ಬಳಿ ಹಿಡಿದ ತುತ್ತನ್ನು ಇಳಿಸಲಿಲ್ಲ.