ಕರ್ಟ್‌ನ ಗಾಡಿ

ಹಿಮಕುಸಿತದಲ್ಲಿ ಸತ್ತ ಕರ್ಟ್‌ನ ಶವವನ್ನು ಹಿಂದಿನ ದಿನವೇ ಕೆಳಗಿಳಿಸಿದ್ದೆವು. ಹಿಮದ ಮೇಲೆ ಓಡುವ ಅವನ ಸ್ನೋಮೊಬೈಲ್ ಗಾಡಿ ಮಾತ್ರ ಕಣಿವೆಯ ತಳದಲ್ಲೇ ಉಳಿದಿತ್ತು. ಅವನ ಹೆಂಡತಿ ಕೇಳಿಕೊಂಡಳೆಂದು ಅದನ್ನು ತರಲು ನಾನೂ ವರ್ಲಾಳೂ ಮತ್ತೆ ಹೊರಟೆವು. ವಯೋಮಿಂಗಿನ ಈ ಬೆಟ್ಟಗಳಲ್ಲಿ ಕಾಣೆಯಾದ ಜನರನ್ನು ಹುಡುಕಿ ತರುವ ಕೆಲಸಕ್ಕೆ ನಾವಿಬ್ಬರೂ ಒಟ್ಟಿಗೇ ಸೇರಿದವರು. ಆ ಚಳಿಗಾಲದಲ್ಲಿ ಜೀವಂತ ಸಿಕ್ಕವರು ಕಡಿಮೆ.

ಅಗೆದು ತೆಗೆದ ಮೇಲೆ ಗಾಡಿ ಸ್ಟಾರ್ಟ್ ಆಯಿತು, ಆದರೆ ದಿಬ್ಬ ಹತ್ತಲಿಲ್ಲ. ಹಿಟ್ಟಿನಂಥ ಹಿಮಕ್ಕೆ ಮೂತಿ ತಗುಲಿದ್ದೇ ಇಂಜಿನ್ ಗೊರಗೊರ ಎಂದು ಕುಗ್ಗಿತು, ಗಾಡಿ ಹೂತುಕೊಂಡಿತು.

“ಅದಕ್ಕೂ ಸಾಕಾಗಿದೆ ಕಣೆ,” ಅಂದೆ.

“ನಿನಗಿಂತ ವಾಸಿ ಬಿಡು ಲೈಲ್. ಅದು ಗೊಣಗೋದಾದ್ರೂ ನಿಲ್ಸಿದೆ.”

ವರ್ಲಾ ಪಕ್ಕದ ಮುಚ್ಚಳ ತೆಗೆದು ಕ್ಲಚ್ಚಿನೊಳಗೆ ಬೆರಳಾಡಿಸಿದಳು. “ಬಯಲುಸೀಮೆಗೆ ಹಾಕೋ ತೂಕ. ಮಿನ್ನೆಸೋಟದ ಅವನ ಊರಿಂದ ಹೊರಟಂಗೇ ಬಂದಿದೆ.”

ಬೆಟ್ಟದ ತೆಳು ಗಾಳಿಯಲ್ಲಿ ಇಂಜಿನ್ನಿಗೆ ಉಸಿರು ಸಾಲದು. ಕ್ಲಚ್ಚಿನ ತೂಕದ ತುಂಡುಗಳು ಭಾರವಾಗಿದ್ದರೆ ಅದು ಪೂರ್ತಿ ವೇಗಕ್ಕೆ ಏರುವ ಮೊದಲೇ ಹೊರೆ ಬಿದ್ದು ಕುಸಿಯುತ್ತದೆ. ವರ್ಲಾ ಕೈಗವಸು ಕಳಚಿ, ಮರಗಟ್ಟಿದ ಬೆರಳುಗಳಿಂದ ಅವನ್ನು ಒಂದೊಂದಾಗಿ ಬಿಚ್ಚಿ, ನಮ್ಮ ಚೀಲದಲ್ಲಿದ್ದ ಹಗುರ ತುಂಡುಗಳನ್ನು ಹಾಕಿದಳು. ಗಾಡಿ ಚೀರುತ್ತಾ ದಿಬ್ಬ ಹತ್ತಿತು. ನಾವಿಬ್ಬರೂ ಖುಷಿಪಡಲಿಲ್ಲ.

ಊರಿನ ಹೋಟೆಲಿನಲ್ಲಿ ಕರ್ಟ್‌ನ ಹೆಂಡತಿ ಜನೆಲ್ ಮುಂದೆ ಸೂಪು ತಣ್ಣಗಾಗಿತ್ತು.

“ಗಾಡಿ ಕೈಕೊಡ್ತಾ?” ಎಂದಳು.

ಇಲ್ಲ ಅಂದುಬಿಡು ಎಂದು ನಾನು ಕಣ್ಣಲ್ಲೇ ಹೇಳಿದೆ. ವರ್ಲಾ ಕುರ್ಚಿ ಎಳೆದು ಕೂತಳು.

“ಇಷ್ಟು ಎತ್ತರಕ್ಕೆ ಅದನ್ನ ಹೊಂದಿಸಿರ್ಲಿಲ್ಲಮ್ಮ. ಎಳೀತಿರ್ಲಿಲ್ಲ. ಆದ್ರೆ ಅವತ್ತು ಇಡೀ ಗುಡ್ಡಾನೇ ಜಾರಿತು. ನನ್ನ ಗಾಡೀಲಿ ಇದ್ದಿದ್ರೂ ತಪ್ಪಿಸ್ಕೊಳ್ತಿದ್ರೋ ಇಲ್ವೋ, ನಂಗೊತ್ತಿಲ್ಲ.”

ಜನೆಲ್ ಚಮಚ ಕೆಳಗಿಟ್ಟಳು. “ಅವನೇ ಗ್ಯಾರೇಜಲ್ಲಿ ಕೂತು ಸರಿಮಾಡಿದ್ದು. ವಾರಗಟ್ಟಲೆ. ಊಟಕ್ಕೆ ಕರೆದ್ರೂ ಬರ್ತಿರ್ಲಿಲ್ಲ.” ಆಮೇಲೆ ಅಂದಳು, “ಅವನು ಹಾಕಿದ್ದನ್ನೇ ವಾಪಸ್ ಹಾಕಿಕೊಡ್ತೀರಾ? ನಮ್ಮೂರು ಬಯಲು ತಾನೆ.”

ನನ್ನ ಬೆನ್ನು ಮುರಿದಂತಿತ್ತು. ನಾಳೆ ನೋಡೋಣ ಎನ್ನಲು ಬಾಯಿ ತೆರೆದೆ. ಅಷ್ಟರಲ್ಲಿ ವರ್ಲಾ ಎದ್ದಿದ್ದಳು.

“ನೀನೂ ಬಾ ಜನೆಲ್. ದೀಪ ಹಿಡಿಯೋಕೆ ಇವನಿಗೆ ತ್ರಾಣ ಇಲ್ಲ.”

ಮೂವರೂ ಹೊರಗೆ ಹೋದೆವು. ಸಂಜೆಯ ಗಾಳಿ ಕೊರೆಯುತ್ತಿತ್ತು. ವರ್ಲಾ ತೋರಿಸಿಕೊಟ್ಟಳು; ಕೊನೆಯ ಬೋಲ್ಟನ್ನು ಜನೆಲ್ಲೇ ಬಿಗಿದಳು.